ಮರವಿಯಕ್ಕನ ಮನೆ ಎದ್ದು ನಡೆದದ್ದು

ಕಡಲ ದಡದ ನಮ್ಮ ಊರು ಲಬುವಾಂಗಿನಲ್ಲಿ ನೆಲ ಬೇರೆ, ಮನೆ ಬೇರೆ. ನೆಲ ಒಬ್ಬರದಾದರೆ ಅದರ ಮೇಲಿನ ತೆಂಗು ಇನ್ನೊಬ್ಬರದಿರಬಹುದು, ಆ ತೆಂಗಿನ ನೆರಳಲ್ಲಿ ನಿಂತ ಮನೆ ಮೂರನೆಯವರದಿರಬಹುದು. ಗಂಡಸರ ಆಸ್ತಿ ದೋಣಿ, ಹೆಂಗಸರ ಆಸ್ತಿ ಮನೆ. ಮನೆ ತಾಯಿಯಿಂದ ಮಗಳಿಗೆ ಬರುತ್ತದೆ. ಗಂಡನಾದವನು ತನ್ನ ಬಲೆ, ಚಾಪೆ, ಎರಡು ಜೊತೆ ಬಟ್ಟೆ ಹೊತ್ತುಕೊಂಡು ಬಂದು ಸೇರಿಕೊಳ್ಳುತ್ತಾನೆ. ನಾನೂ ಹಾಗೇ ಬಂದವನು. ಇದನ್ನೆಲ್ಲ ಯಾರೂ ಬರೆದಿಟ್ಟಿರಲಿಲ್ಲ. ಬರೆಯುವ ಅಗತ್ಯವೂ ಬಿದ್ದಿರಲಿಲ್ಲ, ಮರವಿಯಕ್ಕನ ಮನೆಯ ವಿಷಯ ಬರುವವರೆಗೆ.

ನಾನು ಮುಸ್ತಾರಿ, ದೋಣಿ ಕಟ್ಟುವ ಬಡಗಿ. ನಡೆದದ್ದರಲ್ಲಿ ನನ್ನ ಪಾಲು ದೊಡ್ಡದೇನಲ್ಲ. ಎಡಬದಿಯ ಎರಡನೆಯ ಬಿದಿರಿಗೆ ಹೆಗಲು ಕೊಟ್ಟವನು, ಅಷ್ಟೆ. ಆದರೂ ಹೇಳುವಾಗ ಎದೆ ಸ್ವಲ್ಪ ಉಬ್ಬುತ್ತದೆ, ಮುಚ್ಚಿಡುವುದಿಲ್ಲ.

ಮರವಿಯಕ್ಕ ಮೀನು ಹೊಗೆಗಿಡುವವಳು. ಕೇದರ ಎಂಬ ದಪ್ಪ ಕಡಲ ಮೀನನ್ನು ಉದ್ದಕ್ಕೆ ಸೀಳಿ, ಬಿದಿರ ಕಡ್ಡಿಗೆ ಸಿಕ್ಕಿಸಿ, ತೆಂಗಿನ ಸಿಪ್ಪೆಯ ಹೊಗೆಯಲ್ಲಿ ಅರ್ಧ ದಿನ ಇಟ್ಟರೆ ಅದು ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ವಾರಕ್ಕೆರಡು ಸಲ ಬರುವ ಲಾಂಚಿನಲ್ಲಿ ಆ ಮೀನು ಪೇಟೆಗೆ ಹೋಗುತ್ತಿತ್ತು. ಪೇಟೆಯವರು ಅದನ್ನು ಲಬುವಾಂಗಿನ ಮೀನು ಎನ್ನುತ್ತಿರಲಿಲ್ಲ, ಮರವಿಯಳ ಮೀನು ಎಂದೇ ಕೇಳಿ ಕೊಳ್ಳುತ್ತಿದ್ದರು. ಹೊಗೆಗೆ ಕೆಂಪಾದ ಕಣ್ಣು, ಎಣಿಸಿದಷ್ಟು ಮಾತು, ನೆಟ್ಟನೆಯ ಬೆನ್ನು. ಆಗ ಅವಳಿಗೆ ಐವತ್ತೈದರ ಹತ್ತಿರ. ಗಂಡ ಸಹಾಬು ಒಳ್ಳೆಯ ಚುಕ್ಕಾಣಿಗಾರ, ಎಲ್ಲದಕ್ಕೂ ನಕ್ಕು ಹೂಂ ಎನ್ನುವ ಜೀವ. ಒಬ್ಬಳೇ ಮಗಳು ರಸ್ನಾ ಪೇಟೆಯಲ್ಲಿ ನರ್ಸ್ ಕೆಲಸ ಕಲಿಯುತ್ತಿದ್ದಳು.

ಆ ಮನೆಯನ್ನು ಕಟ್ಟಿಸಿದ್ದು ಮರವಿಯಕ್ಕನ ತಾಯಿ ಸರೀಪಾ. ಅವಳು ರೇಷ್ಮೆ ಲುಂಗಿ ನೇಯುತ್ತಿದ್ದಳಂತೆ. ಹನ್ನೊಂದು ವರ್ಷ ನೇಯ್ದು, ಬಂದದ್ದರಲ್ಲಿ ಒಂದೊಂದೇ ಕಂಬ ತರಿಸಿದಳಂತೆ, ಕಡಲಾಚೆಯ ದ್ವೀಪದಿಂದ, ಮೊಳೆ ಹೊಡೆದರೆ ಮೊಳೆಯೇ ಬಾಗುವಂಥ ಮರದ್ದು. ಒಟ್ಟು ಹನ್ನೆರಡು ಕಂಬ. ಆಳೆತ್ತರದ ಮೇಲೆ ಹಲಗೆಯ ನೆಲ, ಅದರ ಮೇಲೆ ಗೋಡೆ, ಮೇಲೆ ಗರಿ ಹೊದಿಸಿದ ಮಾಡು. ಕಂಬಗಳನ್ನು ನಮ್ಮಲ್ಲಿ ಹೂಳುವುದಿಲ್ಲ, ಚಪ್ಪಟೆ ಕಲ್ಲುಗಳ ಮೇಲೆ ನಿಲ್ಲಿಸುತ್ತಾರೆ. ಅಲ್ಲಿ ಮನೆ ನಿಲ್ಲಿಸಿಕೋ ಎಂದು ಬಾಯಿಮಾತಿನಲ್ಲಿ ಜಾಗ ಕೊಟ್ಟವರು ಆಗಿನ ಪುವಾಂಗ್, ಅಂದರೆ ನಮ್ಮ ಕರಾವಳಿಯ ಹಳೆಯ ಒಡೆಯರ ಮನೆತನದವರು. ಕೇಳಿದವಳೂ ಕೊಟ್ಟವರೂ ಸತ್ತು ಎಷ್ಟೋ ವರ್ಷಗಳಾಗಿದ್ದವು.

ಜಾಗ ಕೊಟ್ಟವರ ಮೊಮ್ಮಗ ತಾಹಿರ್ ಮಕಸ್ಸಾರ್ ಪಟ್ಟಣದಲ್ಲಿ ಓದಿ, ಅಲ್ಲೇ ಕೆಲಸ ಮಾಡಿ, ನಲವತ್ತರ ಹೊತ್ತಿಗೆ ಊರಿಗೆ ಮರಳಿದ. ಅವನನ್ನೂ ಪುವಾಂಗ್ ಎಂದೇ ಕರೆದೆವು. ಕೆಟ್ಟವನಲ್ಲ. ದಡದಲ್ಲಿ ಒಂದು ಮಂಜುಗಡ್ಡೆಯ ಕೋಠಿ ಕಟ್ಟಬೇಕು, ಹಿಡಿದ ಮೀನು ಲಾಂಚು ಬರುವವರೆಗೆ ಕೊಳೆಯಬಾರದು ಎನ್ನುವುದು ಅವನ ಯೋಚನೆ. ಇದಕ್ಕೆ ಬೇಡ ಅನ್ನುವವರು ಊರಲ್ಲಿ ಯಾರೂ ಇರಲಿಲ್ಲ. ದೋಣಿಗಳು ಬಂದು ತಾಗುವ ಒಳ್ಳೆಯ ಜಾಗವೆಂದರೆ ಮರವಿಯಕ್ಕನ ಮನೆ ನಿಂತಿದ್ದ ಜಾಗವೇ. ಸರ್ಕಾರದವರು ಆ ವರ್ಷ ಊರೂರಿಗೆ ಬಂದು ಜಾಗ ಅಳೆದು ಪತ್ರ ಮಾಡಿಕೊಡುತ್ತಿದ್ದರು. ನಮ್ಮ ಊರಿನ ಸರದಿ ಬುಧವಾರ ಎಂದು ಗೊತ್ತಾಗಿತ್ತು. ಅದಕ್ಕೆ ಎಂಟು ದಿನ ಮೊದಲು ತಾಹಿರ್ ಒಂದು ಕಾಗದ ಹಿಡಿದುಕೊಂಡು ಮರವಿಯಕ್ಕನಲ್ಲಿಗೆ ಹೋದ.

ನಾನು ಅಲ್ಲೇ ಮನೆಯ ಕೆಳಗೆ ಕೂತು ಅವಳ ಹೊಗೆಗೂಡಿನ ಚೌಕಟ್ಟು ಸರಿಮಾಡುತ್ತಿದ್ದೆ. ಅವನು ಮೆಟ್ಟಿಲ ಬುಡದಲ್ಲಿ ಕಾಲು ತೊಳೆದು, ಮೇಲೆ ಹತ್ತಿ, ಮರ್ಯಾದೆಯಿಂದಲೇ ಕೂತ. ಮರವಿಯಕ್ಕ ಕಾಫಿ ಕೊಟ್ಟಳು, ಕರಿದ ಬಾಳೆಹಣ್ಣು ಇಟ್ಟಳು. ತಾಹಿರ್ ವಿಷಯ ಬಿಡಿಸಿ ಹೇಳಿದ. ಮನೆಯ ಕೆಳಗಿನ ಭಾಗಕ್ಕೆ ಗೋಡೆ ಎಬ್ಬಿಸಿ ಅಲ್ಲೇ ಕೋಠಿ ಮಾಡುತ್ತೇನೆ, ಮೇಲೆ ನೀವು ಇದ್ದ ಹಾಗೇ ಇರಿ, ಬದುಕಿರುವಷ್ಟು ಕಾಲ ಯಾರೂ ಕದಲಿಸುವುದಿಲ್ಲ, ಇಲ್ಲಿ ಒಂದು ಸಹಿ ಹಾಕಿ ಎಂದ. ತಾನು ದೊಡ್ಡ ಮನಸ್ಸು ಮಾಡಿದ್ದೇನೆ ಅಂತಲೇ ಅವನು ನಂಬಿದ್ದ, ಅದರಲ್ಲಿ ನನಗೆ ಅನುಮಾನವಿಲ್ಲ.

ಮರವಿಯಕ್ಕ ನಿಧಾನವಾಗಿ ಓದುವವಳು. ಬೆರಳಿಟ್ಟು, ಸಣ್ಣಗೆ ದನಿ ಮಾಡಿ ಓದಿದಳು. 'ನನ್ನ ಜಾಗದಲ್ಲಿರುವ ಮನೆಯಲ್ಲಿ ಮರವಿಯ ಎಂಬವರು ನನ್ನ ಅನುಮತಿಯಿಂದ, ಮನೆ ನೋಡಿಕೊಳ್ಳುವವರಾಗಿ ವಾಸವಿದ್ದಾರೆ' ಎಂಬ ಕಡೆ ಬೆರಳು ನಿಂತಿತು. ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಕಾಗದವನ್ನು ಅದರ ಮಡಿಕೆಯ ಗುರುತಿನಲ್ಲೇ ಮಡಿಸಿ ಅವನ ಮುಂದೆ ಇಟ್ಟಳು.

"ಪುವಾಂಗ್, ನೆಲ ನಿಮ್ದು. ನಮ್ಮಮ್ಮಾನೂ ಅದನ್ನೇ ಹೇಳ್ತಿದ್ಲು. ಆದ್ರೆ ಇದ್ರಲ್ಲಿ ಮನೇನೂ ನೆಲದ ಜೊತೆ ಸೇರ್ಸಿ ಬರ್ದಿದೀರಿ."

"ನೆಲದ ಮೇಲಿರೋದು ನೆಲಕ್ಕೇ ಅಲ್ವಾಕ್ಕ? ಪೇಟೇಲೆಲ್ಲ ಹಂಗೇ ನೋಡೋದು."

"ಬೇರು ಬಿಟ್ಟಿದ್ರೆ ನೆಲಕ್ಕೆ ಸೇರುತ್ತೆ. ನನ್ ಮನೆ ಬೇರು ಬಿಟ್ಟಿಲ್ಲ, ಕೂತಿದೆ. ಕೂತಿದ್ದು ಏಳುತ್ತೆ."

ತಾಹಿರ್ ಸಣ್ಣಗೆ ನಕ್ಕ. "ಎದ್ದು ಎಲ್ಲಿಗೆ ಹೋಗುತ್ತಕ್ಕ? ನಿಮ್ಗೆ ಈಗೇನು ತೊಂದ್ರೆ ಆಗ್ತಿಲ್ವಲ್ಲ. ನೀವಿರೋ ತನಕ..."

"ನಾನಿರೋ ತನಕ ಸರಿ. ಆಮೇಲೆ ನನ್ ಮಗಳಿಗೆ ಏನ್ ಕೊಡ್ಲಿ? ನೋಡ್ಕೊಳ್ಳೋ ಕೆಲ್ಸಾನಾ?"

ತಾಹಿರ್ ಕಾಗದವನ್ನು ಕೈಗೆತ್ತಿಕೊಂಡ. ಬುಧವಾರ ಆ ಜಾಗದಲ್ಲಿ ಏನು ನಿಂತಿರುತ್ತದೋ ಅದು ಜಾಗದ ಜೊತೆಗೇ ದಾಖಲಾಗುತ್ತದೆ, ಆಮೇಲೆ ತಾನೂ ಏನೂ ಮಾಡಲಾಗುವುದಿಲ್ಲ, ಯೋಚನೆ ಮಾಡಿ ಎಂದು ಹೇಳಿ ಎದ್ದ. ಕಾಫಿಯನ್ನು ಪೂರ್ತಿ ಕುಡಿದೇ ಹೋದ. ಮರವಿಯಕ್ಕ ಲೋಟ ತೊಳೆದಿಟ್ಟು ಕೆಳಗಿಳಿದು ಬಂದಳು. ಚೌಕಟ್ಟು ಎಷ್ಟೊತ್ತಿಗೆ ಆಗುತ್ತೆ ಎಂದು ಕೇಳಿದಳು. ಸಂಜೆಯೊಳಗೆ ಎಂದೆ. "ಹಂಗಾದ್ರೆ ಅದನ್ನ ಹೊತ್ಕೊಂಡು ಹೋಗೋ ಹಂಗೆ ಮಾಡು" ಅಂದಳು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಊರಿನ ಮುಖ್ಯಸ್ಥನ ಜಗಲಿಯಲ್ಲಿ ಮಾತುಕತೆ ಆಯಿತು. ಮುಖ್ಯಸ್ಥ ಇಬ್ಬರಿಗೂ ಬೇಸರವಾಗದ ಹಾಗೆ ಮಾತಾಡಿ, ಕೊನೆಗೆ ಏನೂ ಹೇಳದವನಾದ. ಮನೆ ಕಟ್ಟುವುದರಲ್ಲಿ ನಮ್ಮ ಕರಾವಳಿಗೇ ಹಿರಿಯನಾದ ಬೊಹಾರಿ ತಾತನನ್ನು ಕರೆಸಿದರು. ತಾತನಿಗೆ ಎಂಬತ್ತರ ಮೇಲೆ, ಎಡಗಿವಿ ಕೇಳುವುದಿಲ್ಲ. ಅವನು ಹೋಗಿ ಮರವಿಯಕ್ಕನ ಮನೆಯ ಕೆಳಗೆ ನುಗ್ಗಿ ಹನ್ನೆರಡು ಕಂಬವನ್ನೂ ತಟ್ಟಿ ನೋಡಿದ. ಕಂಬದ ಬುಡದಲ್ಲಿ ಕಲ್ಲು ಕಾಣುವ ಹಾಗೆ ಮರಳು ಸರಿಸಿದ. ಜಗಲಿಗೆ ಮರಳಿ ಬಂದು, ಆ ಮನೆ ಯಾವ ದಿನ ಬೇಕಾದರೂ ಏಳುತ್ತದೆ, ಎಬ್ಬಿಸುವವರಿದ್ದರೆ ಎಂದ. ಬಿಚ್ಚಿ ಸಾಗಿಸಬಾರದೇ ಎಂದು ಮುಖ್ಯಸ್ಥ ಕೇಳಿದ. ಕಂಬ ತೊಲೆ ಜೋಡಿಸಿದ ಮರದ ಗೂಟಗಳೆಲ್ಲ ಅರವತ್ತು ವರ್ಷ ನೀರು ಕುಡಿದು ಬಿಗಿದುಕೊಂಡಿವೆ, ಬಿಚ್ಚಲು ತಿಂಗಳು ಬೇಕು ಅಂದ ತಾತ. ಮರವಿಯಕ್ಕ ಇನ್ನೊಂದು ಮಾತು ಸೇರಿಸಿದಳು. ಬಿಚ್ಚಿದರೆ ಅದು ಮರದ ರಾಶಿ, ತನಗೆ ಮನೆ ಬೇಕು ಎಂದು.

ಎಲ್ಲಿಗೆ ಎನ್ನುವ ಪ್ರಶ್ನೆಗೂ ಅವಳಲ್ಲಿ ಉತ್ತರವಿತ್ತು. ಹೊಳೆ ಕಡಲು ಸೇರುವ ಅಳಿವೆಯ ಆಚೆ, ಕಡಲಿಗೆ ಚಾಚಿಕೊಂಡ ಒಂದು ಮರಳ ದಿಬ್ಬ ಇದೆ. ಅದರ ಮೇಲೆ ಒಂಬತ್ತು ತೆಂಗು. ಸರೀಪಾ ಹೆತ್ತದ್ದು ಒಂಬತ್ತು ಮಕ್ಕಳನ್ನು. ಒಂದೊಂದು ಮಗು ಹುಟ್ಟಿದಾಗಲೂ ಹೊಕ್ಕುಳ ಬಳ್ಳಿಯನ್ನು ಅಲ್ಲಿ ಹೂತು ಅದರ ಮೇಲೆ ಒಂದು ತೆಂಗಿನ ಸಸಿ ನೆಟ್ಟಿದ್ದಳು. ಮಕ್ಕಳಲ್ಲಿ ಬದುಕಿದ್ದು ಮೂರೇ. ತೆಂಗುಗಳು ಒಂಬತ್ತೂ ಬದುಕಿದವು. ಖಾಲಿ ದಿಬ್ಬದಲ್ಲಿ ಮರ ನೆಟ್ಟು ಬೆಳೆಸಿದವರದೇ ಆ ಜಾಗ ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದದ್ದು. ಅಷ್ಟು ವರ್ಷ ಅಲ್ಲಿ ಯಾರೂ ಮನೆ ಮಾಡದಿದ್ದದ್ದು ಕುಡಿಯುವ ನೀರಿಲ್ಲ ಎನ್ನುವ ಕಾರಣಕ್ಕೆ. ಇಮಾಮರು, ಮುಖ್ಯಸ್ಥ, ಇನ್ನಿಬ್ಬರು ಹಿರಿಯರು ಅಲ್ಲಿಯೇ ಸಾಕ್ಷಿ ಹೇಳಿದರು. ಜಗಲಿಯ ತುದಿಯಲ್ಲಿ ಕೂತಿದ್ದ ತಾಹಿರನೂ ಆ ದಿಬ್ಬ ತಮ್ಮ ಮನೆತನದ್ದಲ್ಲ ಎಂದು ಒಪ್ಪಿದ.

ತೊಡಕು ಬಂದದ್ದು ಇಡೀ ಮನೆಯನ್ನು ಎತ್ತಿ ಹೊರುವ ಹೆಗಲುಗಳ ವಿಷಯದಲ್ಲಿ. ಅಷ್ಟು ದೊಡ್ಡ ಮನೆಗೆ ನೂರಿಪ್ಪತ್ತು ಹೆಗಲು ಬೇಕೆಂದ ಬೊಹಾರಿ ತಾತ. ಅದು ಹಾರುಮೀನಿನ ಮೊಟ್ಟೆ ಕೂಡಿಸಲು ಹೋಗುವ ಕಾಲ. ಊರಿನ ಗಟ್ಟಿ ಗಂಡಸರೆಲ್ಲ ದೋಣಿ ಹತ್ತಿ ದಕ್ಷಿಣದ ಕಡಲಿಗೆ ಹೋಗಿದ್ದರು, ಸಹಾಬುವೂ ಅವರಲ್ಲಿದ್ದ. ಬರುವುದು ಇನ್ನೆರಡು ತಿಂಗಳಿಗೆ. ಊರಲ್ಲಿ ಉಳಿದವರನ್ನು ಎಣಿಸಿದರೆ ಮುದುಕರು, ಕುಂಟರು ಸೇರಿ ನಲವತ್ತಾರು. ಅಳಿವೆಯಲ್ಲಿ ನೀರು ಮೊಣಕಾಲಿಗೆ ಇಳಿಯುವ ದೊಡ್ಡ ಇಳಿತ ಇದ್ದದ್ದು ಸೋಮವಾರ ಬೆಳಿಗ್ಗೆ ಮಾತ್ರ. ಹೀಗಾಗಿ ಏನೂ ಆಗುವುದಿಲ್ಲ, ಮುಂದಿನ ಸಲ ನೋಡೋಣ ಎಂದು ಮುಖ್ಯಸ್ಥ ಏಳಲು ಹೊರಟ.

ಆಗ ಮೆಟ್ಟಿಲ ಮೇಲೆ ಕೂತಿದ್ದ ನನ್ನ ಹೆಂಡತಿ ನುರ್ಲಿಯ, ಹೆಗಲು ಅಂದರೆ ಗಂಡಸಿನದೇ ಆಗಬೇಕೆಂದು ಬಿದಿರು ಹೇಳಿದೆಯಾ ಎಂದು ಕೇಳಿದಳು. ಜಗಲಿಯಲ್ಲಿ ನಗು ಎದ್ದಿತು. ನಮ್ಮಲ್ಲಿ ಮನೆ ಎತ್ತುವ ದಿನ ಗಂಡಸರು ಹೊರುತ್ತಾರೆ, ಹೆಂಗಸರು ಅಡುಗೆ ಮಾಡುತ್ತಾರೆ, ಅದು ಹಿಂದಿನಿಂದ ಬಂದ ಕ್ರಮ. ಒಬ್ಬ ಮುದುಕ, ಹೆಂಗಸರ ಹೆಗಲ ಮೇಲೆ ಮನೆ ಹೋಗೋದನ್ನ ನಾನು ಈವರೆಗೆ ಕಂಡಿಲ್ಲ ಎಂದ.

ಮೀನು ಮಾರುವ ಹದೀರಾಳ ಬಾಯಿಗೆ ಹೆದರದವರಿಲ್ಲ. ಅವಳು ಎಲೆಯಡಿಕೆ ಉಗಿದು ಬಂದು ಹೇಳಿದಳು, "ಮಾವ, ನೀವು ಕಂಡಿಲ್ದೆ ಇದ್ರೆ ನಿಮ್ ಕಣ್ಣಿಂದು ತಪ್ಪು. ದೋಣಿಯಿಂದ ಮೀನು ಹೊರೋರು ನಾವು, ಸೌದೆ ಹೊರೋರು ನಾವು, ನೀರು ಹೊರೋರು ನಾವು, ನಿಮ್ಮನ್ನೂ ಒಂಬತ್ತು ತಿಂಗಳು ಒಬ್ಬಳು ಹೊತ್ತಿದ್ಲು. ನೀವು ಹೊತ್ತಿದ್ದು ಏನು ಹೇಳಿ ನೋಡೋಣ, ಆ ಟೊಪ್ಪಿ ಬಿಟ್ಟು."

ಮುದುಕ ಟೊಪ್ಪಿ ಮುಟ್ಟಿ ನೋಡಿಕೊಂಡ. ಆಮೇಲೆ ಯಾರೂ ಕ್ರಮದ ಮಾತು ಎತ್ತಲಿಲ್ಲ. ಹಾಗಾದರೆ ಅಡುಗೆ ಯಾರು ಮಾಡುತ್ತಾರೆ ಎಂದು ಮುಖ್ಯಸ್ಥ ಗೊಣಗಿದ. ಹೆಸರುಕಾಳಿನ ಪಾಯಸ ಮಾಡಲು ತನಗೆ ಬರುತ್ತದೆ, ಓದುವ ಕಾಲಕ್ಕೆ ಮದರಸಾದಲ್ಲಿ ಮಾಡಿದ್ದೇನೆ ಎಂದು ಇಮಾಮರು ಹೇಳಿದರು. ಬೊಹಾರಿ ತಾತ ಕೇಳುವ ಕಿವಿಯನ್ನು ಇತ್ತ ತಿರುಗಿಸಿಕೊಂಡು ಎಣಿಸಿದ. ಎಪ್ಪತ್ತೊಂದು ಹೆಂಗಸರು, ಹೊರಲಾಗದವರನ್ನು ಬಿಟ್ಟರೆ ನಲವತ್ತು ಗಂಡಸರು. ಸ್ವಲ್ಪ ಕಮ್ಮಿ, ಆದರೂ ನಡೆಯುತ್ತದೆ ಎಂದ.

ಮುಂದಿನ ನಾಲ್ಕು ದಿನ ಊರಿಗೆ ಬೇರೆ ಕೆಲಸವಿರಲಿಲ್ಲ. ನಾನು, ತಾತ ಸೇರಿ ದಪ್ಪ ಬಿದಿರು ಕಡಿದು ಕಂಬಗಳಿಗೆ ಉದ್ದಕ್ಕೂ ಅಡ್ಡಕ್ಕೂ ಬಿಗಿದೆವು. ಹೆಂಗಸರು ದಿಬ್ಬಕ್ಕೆ ಹೋಗಿ, ತೆಂಗುಗಳ ನಡುವೆ ಅಳತೆ ಹಾಕಿದ ಕಡೆ ಹವಳದ ಕಲ್ಲು ಹೊತ್ತು ತಂದು ಹಾಸಿದರು. ಮರವಿಯಕ್ಕ ಪಾತ್ರೆ, ಪೆಟ್ಟಿಗೆ, ತಾಯಿಯ ಮಗ್ಗ, ಮೀನಿನ ಬುಟ್ಟಿಗಳನ್ನೆಲ್ಲ ಒಂದೊಂದಾಗಿ ಕೆಳಗಿಳಿಸಿ ನಮ್ಮ ಮನೆಯಲ್ಲಿಟ್ಟಳು. ಯಾರಾದರೂ ಪಾಪ ಎಂದು ಮುಖ ಮಾಡಿದರೆ ಅವರ ಕೈಗೆ ಒಂದು ಬುಟ್ಟಿ ಕೊಟ್ಟುಬಿಡುತ್ತಿದ್ದಳು.

ಈ ಮಧ್ಯೆ ತಾಹಿರ್ ತನ್ನ ಜಾಗಕ್ಕೆ ಅಳತೆಯವರು ಬರುವರೆಂದು ಸುತ್ತ ಬಿದಿರಿನ ಬೇಲಿ ಹಾಕಿಸಿದ್ದ. ಸೋಮವಾರ ಬೆಳಕು ಹರಿಯುವಾಗ ನಾವೆಲ್ಲ ಸೇರಿದರೆ, ಮನೆ ಹೊರಬರಬೇಕಾದ ದಾರಿಗೇ ಆ ಬೇಲಿ ಅಡ್ಡ. ಕಿತ್ತು ಎಸೆಯೋಣ ಎಂದು ಕೆಲವರು ಮುಂದಾದರು. ಮರವಿಯಕ್ಕ ತಡೆದಳು. ಬೇಲಿ ಅವರದು, ಅವರನ್ನೇ ಕರೆಯಿರಿ ಎಂದಳು. ತಾಹಿರ್ ಬಂದ. ಅಷ್ಟು ಜನ, ಅದರಲ್ಲೂ ಸೊಂಟಕ್ಕೆ ಲುಂಗಿ ಬಿಗಿದು ತಲೆಗೆ ಬಟ್ಟೆ ಸುತ್ತಿ ನಿಂತ ಅಷ್ಟು ಹೆಂಗಸರನ್ನು ನೋಡಿ ಅವನಿಗೆ ಏನು ಅನ್ನಿಸಿತೋ ಗೊತ್ತಿಲ್ಲ. ಮರವಿಯಕ್ಕ ಅವನ ಮುಂದೆ ಹೋಗಿ ನಿಂತಳು.

"ಪುವಾಂಗ್, ನಿಮ್ ಜಾಗದಿಂದ ನನ್ ಮನೆ ತಗೊಂಡ್ ಹೋಗ್ತಿದೀನಿ. ದಾರಿ ಬಿಡಿ."

ಕೇಳುವುದಿತ್ತು ಅಷ್ಟೆ, ಬೇಡುವುದಿರಲಿಲ್ಲ ಆ ದನಿಯಲ್ಲಿ. ತಾಹಿರ್ ಕ್ಷಣ ಹೊತ್ತು ಮನೆಯನ್ನು ನೋಡಿದ. ಆಮೇಲೆ ಯಾರನ್ನೂ ಕರೆಯದೆ ತಾನೇ ಹೋಗಿ ಬೇಲಿಯ ಗೂಟಗಳನ್ನು ಒಂದೊಂದಾಗಿ ಕಿತ್ತು ಪಕ್ಕಕ್ಕೆ ಒರಗಿಸಿದ. ಎಂಟು ಗೂಟ. ಅಂಗೈಗೆ ಬಿದಿರ ಸಿಬಿರು ಚುಚ್ಚಿ ರಕ್ತ ಬಂದದ್ದನ್ನು ನಾನು ಕಂಡೆ. ಅವನು ಕೈ ಲುಂಗಿಗೆ ಒರೆಸಿಕೊಂಡು ಸರಿದು ನಿಂತ.

ಮನೆಯ ನಡುವಿನ ಕಂಬವನ್ನು ನಾವು ಹೊಕ್ಕುಳ ಕಂಬ ಎನ್ನುತ್ತೇವೆ. ಅದಕ್ಕೆ ಮರವಿಯಕ್ಕ ಬಿಳಿ ಬಟ್ಟೆ ಸುತ್ತಿ, ಒಂದು ಗೊನೆ ಬಾಳೆ, ತೆಂಗಿನಕಾಯಿ, ತಾಳೆಬೆಲ್ಲದ ಅಚ್ಚು ಕಟ್ಟಿದಳು. ಇಮಾಮರು ಪ್ರಾರ್ಥನೆ ಹೇಳಿದರು. ಮನೆಯೊಡತಿ ಒಳಗೆ ಕೂರಬೇಕು, ಖಾಲಿ ಮನೆ ಹೊರಡಬಾರದು ಎಂದ ಬೊಹಾರಿ ತಾತ. ಹೆಗಲು ಕಮ್ಮಿ ಬಿದ್ದಿರುವಾಗ ನಾನು ಬೇರೆ ಭಾರ ಆಗಬೇಕಾ ಎಂದು ಮರವಿಯಕ್ಕ ಒಪ್ಪಲಿಲ್ಲ. ಅಷ್ಟರಲ್ಲಿ ಅಟ್ಟದಿಂದ ಬೆಕ್ಕಿನ ದನಿ ಕೇಳಿತು. ಅದು ಮರಿ ಹಾಕಿಕೊಂಡು ಮೂರು ದಿನವಾಗಿತ್ತು, ಎಷ್ಟು ಕರೆದರೂ ಇಳಿದಿರಲಿಲ್ಲ. ಸರಿ, ಒಳಗೆ ಬಾಣಂತಿಯೇ ಇದ್ದಾಳಲ್ಲ, ಹೊರಡಿ ಎಂದ ತಾತ.

ಹೊಕ್ಕುಳ ಕಂಬದ ಪಕ್ಕದ ಬಿದಿರಿಗೆ ಮರವಿಯಕ್ಕ ಹೆಗಲಿಟ್ಟಳು. ನನ್ನ ಮುಂದೆ ನುರ್ಲಿಯ, ಹಿಂದೆ ಹದೀರಾ. ತಾತ ಮೂರು ಎಣಿಸಿದ. ಮೊದಲ ಸಲ ಬಿದಿರು ಕಿರುಗುಟ್ಟಿತೇ ಹೊರತು ಮನೆ ಅಲುಗಲಿಲ್ಲ. ಎರಡನೆಯ ಸಲ ಮುಂಭಾಗ ಎದ್ದು ಹಿಂಭಾಗ ಏಳಲಿಲ್ಲ. ಮೂರನೆಯ ಸಲ, ನೂರಹನ್ನೊಂದು ಜನರ ಉಸಿರು ಒಟ್ಟಿಗೆ ಹೊರಬಿದ್ದ ಹಾಗೆ ಒಂದು ಸದ್ದಾಯಿತು. ನಾನು ಬಗ್ಗಿ ನೋಡಿದೆ. ಕಂಬಕ್ಕೂ ಕಲ್ಲಿಗೂ ನಡುವೆ ಬೆಳಕು ಕಾಣುತ್ತಿತ್ತು. ಅಂಥ ಬೆಳಕನ್ನು ನಾನು ಬೇರೆ ಮನೆಗಳ ಕೆಳಗೂ ಕಂಡವನು. ಆದರೂ ಅಂದು ಕಣ್ಣು ತುಂಬಿ ಬಂತು.

ದಡದುದ್ದಕ್ಕೂ ಗಟ್ಟಿ ಮರಳಿತ್ತು, ಮುನ್ನೂರು ಹೆಜ್ಜೆ ಸಲೀಸಾಗಿ ಹೋದೆವು. ಮಾಡಿನ ಗರಿ ಗಾಳಿಗೆ ಸರಸರ ಅನ್ನುತ್ತಿತ್ತು, ಕೋಳಿಗಳು ದಾರಿ ಬಿಟ್ಟು ಓಡಿದವು, ನೂರು ಹೆಜ್ಜೆಗೊಮ್ಮೆ ಇಳಿಸಿ ಉಸಿರು ತೆಗೆದುಕೊಂಡೆವು. ಹೆಂಗಸರು ಹಗುರವಾಗಿ ಬೈದಾಡಿಕೊಳ್ಳುತ್ತಿದ್ದರು. ನಿನ್ ಗಂಡನ ಕಡೆ ಭಾರ ಎಲ್ಲ ನನ್ ಮೇಲೆ ಬಿದ್ದಿದೆ ಎಂದು ಹದೀರಾ ನುರ್ಲಿಯಳಿಗೆ ಹೇಳಿದ್ದು ನನಗೆ ಕೇಳಲೆಂದೇ.

ಕಷ್ಟ ಶುರುವಾದದ್ದು ಅಳಿವೆಯಲ್ಲಿ. ನೀರು ಮೊಣಕಾಲಿಗೇ ಇತ್ತು, ಆದರೆ ನಡುವಿನಲ್ಲಿ ಕೆಸರು ನಾವೆಣಿಸಿದ್ದಕ್ಕಿಂತ ಆಳವಿತ್ತು. ಅಲ್ಲಿ ಮನೆಯನ್ನು ಇಳಿಸುವ ಹಾಗಿಲ್ಲ, ಇಳಿಸಿದರೆ ಕಂಬಗಳು ಹೂತು ಅಲ್ಲೇ ನಿಲ್ಲುತ್ತವೆ. ಬಲಬದಿಯ ಹಿಂದಿನ ಮೂಲೆಯಲ್ಲಿದ್ದ ಗಂಡಸರ ಕಾಲು ತೊಡೆಯವರೆಗೆ ಇಳಿಯಿತು. ಮನೆ ಆ ಕಡೆಗೆ ವಾಲಿತು. ಒಂದು ಬಿದಿರು ಸೀಳಿದ ಸದ್ದು ಕೇಳಿದಾಗ ಯಾರೋ ಅಲ್ಲಾಹನನ್ನು ಕರೆದರು. ತಾತ ಮೂರು ಎಣಿಸಿದ, ಮತ್ತೆ ಎಣಿಸಿದ. ನಾವು ಜೋರು ಮಾಡಿದಷ್ಟೂ ಕಾಲು ಇನ್ನಷ್ಟು ಹೂತುಕೊಂಡಿತು. ಕಡಲಿನ ಕಡೆಯಿಂದ ಮೊದಲ ಸಣ್ಣ ಅಲೆ ಅಳಿವೆಯೊಳಗೆ ಬಂತು. ಉಬ್ಬರ ತಿರುಗಿತ್ತು.

ಕೂಗಿ ಕೂಗಿ ತಾತನ ಗಂಟಲು ಕಟ್ಟಿತು. ನನ್ನ ಹಿಂದಿನಿಂದ ಹದೀರಾಳ ದನಿ ಎದ್ದಿತು. "ಮೂರೆಣಿಸಿ ಎತ್ತೋದು ನಿಲ್ಸಿ. ರಂಪಣಿ ಎಳೆಯೋ ಹಂಗೆ ಬನ್ನಿ. ಪಾದ ಅಡ್ಡ ಇಡಿ, ಹಿಮ್ಮಡಿ ಊರ್ಬೇಡಿ."

ದಡಕ್ಕೆ ರಂಪಣಿ ಬಲೆ ಎಳೆಯುವುದು ನಮ್ಮಲ್ಲಿ ಹೆಂಗಸರ ಕೆಲಸ. ಕೆಸರಲ್ಲಿ ನಿಂತು, ತುಂಬಿದ ಬಲೆಯ ಹಗ್ಗ ಹಿಡಿದು, ಸಣ್ಣ ಸಣ್ಣ ಹೆಜ್ಜೆಯಲ್ಲಿ ಅರ್ಧ ದಿನ ಎಳೆದು ರೂಢಿಯಾದ ಕಾಲುಗಳು ಅವು. ಹದೀರಾ ಬಲೆ ಎಳೆಯುವಾಗಿನ ಕೂಗು ಹಾಕಿದಳು, ಒಂದು ಉದ್ದ, ಎರಡು ಗಿಡ್ಡ. ಎಪ್ಪತ್ತು ಹೆಂಗಸರು ಒಟ್ಟಿಗೆ ದನಿಗೂಡಿಸಿದರು. ನಾವು ಗಂಡಸರು ಅವರ ಪಾದ ನೋಡಿ ಪಾದ ಇಟ್ಟೆವು. ಗೇಣು, ಮತ್ತೆ ಗೇಣು. ಮರವಿಯಕ್ಕ ಹೊಕ್ಕುಳ ಕಂಬದ ಪಕ್ಕದಿಂದ ಹಿಂದಕ್ಕೆ ಸರಿದು, ಸೀಳಿದ ಬಿದಿರಿನ ಕೆಳಗೆ ಎರಡೂ ಕೈ ಕೊಟ್ಟಿದ್ದಳು. ಅವಳ ಬಾಯಿಂದ ಕೂಗು ಬರುತ್ತಿರಲಿಲ್ಲ, ಹಲ್ಲು ಕಚ್ಚಿದ್ದಳು. ವಾಲಿದ ಮೂಲೆ ನಿಧಾನವಾಗಿ ಮೇಲೆದ್ದಿತು. ನೀರು ಸೊಂಟಕ್ಕೆ ಬರುವಷ್ಟರಲ್ಲಿ ಮುಂದಿನವರ ಕಾಲಿಗೆ ದಿಬ್ಬದ ಮರಳು ತಾಗಿತು.

ಹನ್ನೆರಡು ಕಂಬಗಳನ್ನು ಹನ್ನೆರಡು ಕಲ್ಲುಗಳ ಮೇಲೆ ಕೂರಿಸಿದಾಗ ಬಿಸಿಲು ನೆತ್ತಿಗೆ ಬಂದಿರಲಿಲ್ಲ. ಬೊಹಾರಿ ತಾತ ಒಳಗೆ ಹೋಗಿ ಹಲಗೆಯ ಮೇಲೆ ಒಂದು ನಿಂಬೆಹಣ್ಣು ಇಟ್ಟ. ಅದು ಸ್ವಲ್ಪ ಉರುಳಿ ನಿಂತಿತು. ಒಂದು ಕಲ್ಲಿನ ಕೆಳಗೆ ಮರಳು ತುರುಕಿ ಸರಿಮಾಡಿದೆವು. ಇಮಾಮರ ಪಾಯಸ ತಳ ಹಿಡಿದಿತ್ತು. ಅದನ್ನು ಯಾರೂ ಎತ್ತಿ ಆಡಲಿಲ್ಲ, ಹದೀರಾ ಒಬ್ಬಳನ್ನು ಬಿಟ್ಟು. ಅವಳೂ ಮೂರು ಬಟ್ಟಲು ತಿಂದ ಮೇಲೆಯೇ ಹೇಳಿದ್ದು. ಮರವಿಯಕ್ಕ ಎಲ್ಲರಿಗೂ ತಾನೇ ಬಡಿಸಿದಳು. ಭುಜದ ಮೇಲೆ ಚರ್ಮ ಕಿತ್ತು ಬಂದಿತ್ತು, ಅದನ್ನು ತಲೆಯ ಬಟ್ಟೆಯಿಂದ ಮುಚ್ಚಿಕೊಂಡಿದ್ದಳು. ಯಾರಿಗೂ ಉಪಕಾರವಾಯಿತು ಎಂದು ಹೇಳಲಿಲ್ಲ. ನಿಮ್ಮ ಮನೆ ಏಳುವ ದಿನ ಕರೆಯಿರಿ ಎಂದಳು. ಅದು ನಮ್ಮ ಕಡೆ ಉಪಕಾರಕ್ಕಿಂತ ದೊಡ್ಡ ಮಾತು.

ಸಂಜೆ ತಾಹಿರ್ ಸಣ್ಣ ದೋಣಿಯಲ್ಲಿ ಅಳಿವೆ ದಾಟಿ ಬಂದ. ಹಳೆಯ ಜಾಗದಲ್ಲಿ ನಿಮ್ಮ ಹನ್ನೆರಡು ಕಲ್ಲು ಉಳಿದಿವೆ, ಆಳು ಕಳಿಸಿ ತರಿಸಿಕೊಡುತ್ತೇನೆ ಎಂದ.

"ಬೇಡ ಪುವಾಂಗ್. ಆ ಕಲ್ಲು ನಮ್ಮಮ್ಮ ಅಲ್ಲೇ ನೆಲದಿಂದ ತೆಗ್ದಿದ್ದು. ನೆಲದ್ದು ನೆಲಕ್ಕೇ ಇರ್ಲಿ. ನಂದೇನಿತ್ತೋ ಅದು ಬಂತು."

 ಕಾಗದದ ಆ ಸಾಲು ನಾನು ಬರೆಯಬಾರದಿತ್ತು ಎಂದ ತಾಹಿರ್. ಮರವಿಯಕ್ಕ, ಅಂಗೈ ತೋರಿಸಿ ಎಂದು, ಉಳಿದಿದ್ದ ಸಿಬಿರನ್ನು ಸೂಜಿಯಿಂದ ತೆಗೆದು, ಅರಿಶಿನ ಹಚ್ಚಿ ಕಳಿಸಿದಳು.

ಬುಧವಾರ ಅಳತೆಯವನು ಬಂದ. ತಾಹಿರನ ಜಾಗವನ್ನು ಖಾಲಿ ಜಾಗ ಎಂದೇ ಬರೆದುಕೊಂಡ. ದಿಬ್ಬಕ್ಕೆ ಬಂದು ಒಂಬತ್ತು ಮರ, ಒಂದು ಮನೆ ಎಂದು ಬರೆದು, ಒಡೆಯನ ಹೆಸರು ಕೇಳಿದ. ಮರವಿಯ ಎಂದಳು. ಗಂಡನ ಹೆಸರು ಹೇಳಿ ಎಂದು ಅವನು ಪೆನ್ನು ಹಿಡಿದು ಕೂತ.

"ಗಂಡ ನನ್ ಮನೇಲಿ ಇರ್ತಾನೆ. ಅದನ್ನ ಬರೀಬೇಕಾದ್ರೆ ಬೇರೆ ಕಡೆ ಬರ್ಕೊಳ್ಳಿ. ಇಲ್ಲಿ ನನ್ ಹೆಸ್ರು."

ಸಾಕ್ಷಿ ಹಾಕಲು ಬಂದಿದ್ದ ಮುಖ್ಯಸ್ಥ, ನಮ್ಮಲ್ಲಿ ಹಾಗೇ ಎಂದು ಗಟ್ಟಿಯಾಗಿ ಹೇಳಿದ. ಆ ವರ್ಷ ಅವನು ಆಡಿದ ಒಂದೇ ಒಂದು ನೇರ ಮಾತು ಅದು. ಸಾಕ್ಷಿಗಳ ಸಾಲಿನಲ್ಲಿ ನಾಲ್ಕು ಸಹಿ ಬಿದ್ದವು, ನಾಲ್ಕನೆಯದು ತಾಹಿರನದು.

ಎರಡು ತಿಂಗಳ ಮೇಲೆ ದೋಣಿಗಳು ಬಂದವು. ಕೊನೆಯ ಕೊಲ್ಲಿ ತಿರುಗುವಾಗ ದೋಣಿಯವರಿಗೆ ಮೊದಲು ಕಾಣುವುದು ಆ ದಿಬ್ಬ. ಚುಕ್ಕಾಣಿ ಹಿಡಿದಿದ್ದ ಸಹಾಬು, ಯಾರದೋ ಮನೆ ನಮ್ಮ ಮನೆಯ ಹಾಗೇ ಇದೆ ಎಂದನಂತೆ. ಹತ್ತಿರ ಬಂದ ಹಾಗೆ, ಕಿಟಕಿಗೆ ತಾನು ಹಚ್ಚಿದ್ದ ನೀಲಿ ಬಣ್ಣ ಕಂಡಿತಂತೆ. ಆಮೇಲೆ ಹಳೆಯ ದಡದ ಕಡೆ ತಿರುಗಿ ನೋಡಿ, ಮನೆ ಇರಬೇಕಾದ ಕಡೆ ಇಟ್ಟಿಗೆಯ ರಾಶಿ ಕಂಡು, ಸ್ವಲ್ಪ ಹೊತ್ತು ಚುಕ್ಕಾಣಿಯನ್ನೇ ಮರೆತನಂತೆ. ದೋಣಿಯವರು ಇಂದಿಗೂ ಅದನ್ನು ನಟಿಸಿ ತೋರಿಸುತ್ತಾರೆ. ದಿಬ್ಬದಲ್ಲಿ ಇಳಿದು ಅವನು ಮನೆಗೆ ಒಂದು ಸುತ್ತು ಬಂದ. ಹನ್ನೆರಡು ಕಂಬಗಳನ್ನೂ ಮುಟ್ಟಿದ. ಇದು ಹೇಗೆ ಬಂತು ಎಂದು ಹೆಂಡತಿಯನ್ನು ಕೇಳಿದ.

"ಎದ್ದು ಬಂತು" ಅಂದಳು ಮರವಿಯಕ್ಕ. "ಕಾಲ್ ತೊಳ್ಕೊಂಡು ಬನ್ನಿ, ಊಟ ಆರೋಗುತ್ತೆ."

ಆ ವರ್ಷವೇ ದಿಬ್ಬದಲ್ಲಿ ಬಾವಿ ತೋಡಿದಾಗ ಎರಡಾಳು ಆಳಕ್ಕೆ ಸಿಹಿನೀರು ಸಿಕ್ಕಿತು. ತಾಹಿರನ ಕೋಠಿ ಎದ್ದಿತು. ಅದರಿಂದ ಊರಿಗೆ ಒಳ್ಳೆಯದೇ ಆಯಿತು. ಮರವಿಯಕ್ಕ ಮಾತ್ರ ಈಗಲೂ ಮಂಜುಗಡ್ಡೆ ಮುಟ್ಟುವುದಿಲ್ಲ, ತನ್ನ ಮೀನಿಗೆ ಹೊಗೆಯೇ ಸಾಕು ಎನ್ನುತ್ತಾಳೆ. ರಸ್ನಾ ಓದು ಮುಗಿಸಿ ಬಂದಿದ್ದಾಳೆ. ಅವಳನ್ನು ಮದುವೆಯಾದ ಪೇಟೆಯ ಹುಡುಗ ಚಾಪೆ ಹೊತ್ತುಕೊಂಡು ಬಂದು ಸೇರಿಕೊಂಡಿದ್ದಾನೆ.

ಮೊನ್ನೆ ಉತ್ತರದ ಊರಿನವರು ಬಂದಿದ್ದರು. ಕಡಲ ಕೊರೆತದಿಂದಾಗಿ ಅವರ ಮಸೀದಿಯ ಪಕ್ಕದ ದೊಡ್ಡ ಮನೆಯೊಂದನ್ನು ಮೇಲಕ್ಕೆ ಸಾಗಿಸಬೇಕಂತೆ, ನಡುವೆ ಕೆಸರಿದೆಯಂತೆ. ನಿಮ್ಮಲ್ಲಿ ಈಗ ಎಷ್ಟು ಗಂಡಸರಿದ್ದೀರಿ ಎಂದು ಕೇಳಿದರು. ಎಷ್ಟು ಹೆಗಲು ಬೇಕು ಅಂತ ಹೇಳಿ ಎಂದ ನಮ್ಮ ಮುಖ್ಯಸ್ಥ. ನೂರು ಬೇಕು ಎಂದರು. ಹದೀರಾ ಹಗ್ಗ ಹೊಂದಿಸುತ್ತಿದ್ದಾಳೆ, ಶುಕ್ರವಾರದ ಇಳಿತಕ್ಕೆ ಹೊರಡುತ್ತೇವೆ.